ನಲಿವಿನೊಡನೆ ದುಡಿಮೆ ಕಲಿಸಿದ ಸಂತ ಡಾನ್ ಬೊಸ್ಕೊ

ಜನವರಿ 31ರಂದು ಧರ್ಮಸಭೆಯು ಸಂತ ಜಾನ್ ಬೊಸ್ಕೊರವರ ಹಬ್ಬವನ್ನು ಆಚರಿಸುತ್ತದೆ. ವಾರ್ಷಿಕ ಪರೀಕ್ಷೆಗಳು ಸಮೀಪಿಸಿ, ಓದು ಎಂಬ ಮಾತಿಗೇ ನಮ್ಮ ಮಕ್ಕಳ ಮುಖ ಬಾಡುವ ದಿನಗಳಲ್ಲಿ ಈ ಹಬ್ಬ ಬರುವುದು ಉಚಿತವೇ ಆಗಿದೆ. ಶಾಲೆ ಮತ್ತು ದುಡಿಮೆ ಹೊರೆಯೋ ಹರ್ಷವೋ ಎಂಬ ಪ್ರಶ್ನೆಯನ್ನು ಅವರು ಪುಸ್ತಕದಿಂದಲ್ಲ, ಸ್ವಂತ ಬಾಳಿನಿಂದ ಅರಿತಿದ್ದರು.

ಉತ್ತರ ಇಟಲಿಯ ಪೀಡ್‌ಮಾಂಟ್ ಸೀಮೆಯ ಬೆಕ್ಕಿ ಎಂಬ ಹಳ್ಳಿಯಲ್ಲಿ, 1815ರ ಆಗಸ್ಟ್ 16ರಂದು, ಬಡ ರೈತರ ಮನೆಯಲ್ಲಿ ಅವರು ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರೀತ ಸಂಸಾರದ ನೊಗ ಹೊತ್ತರು. ಮಲಅಣ್ಣ ಆಂತೋನಿಯೊನಿಗೆ ತಮ್ಮನ ಓದು ಹಿಡಿಸಲಿಲ್ಲ. ಆತನನ್ನು ದೂಷಿಸುವುದು ಸುಲಭ. ಆದರೆ ಬಿಸಿಲಲ್ಲಿ ನೆಲ ಅಗೆಯುವವನ ಕಣ್ಣಿಗೆ ಪುಸ್ತಕ ಹಿಡಿದು ಕುಳಿತವನು ಸೋಮಾರಿಯಾಗಿ ಕಂಡರೆ ಸೋಜಿಗವಿಲ್ಲ; ನಮ್ಮ ಹಿರಿಯರ ಮನೆಗಳಲ್ಲೂ ಈ ಜಗಳ ನಡೆದಿದೆ. ಕೊನೆಗೆ 1828ರಲ್ಲಿ, ಹನ್ನೆರಡರ ಹರೆಯದ ಜಾನ್ ಮನೆ ಬಿಟ್ಟು ಮೊಲ್ಯಾ ಕುಟುಂಬದ ಜಮೀನಿನಲ್ಲಿ ಆಳಾಗಿ ಸೇರಬೇಕಾಯಿತು. ಅಲ್ಲಿಯೂ ಪುಸ್ತಕ ಕೈಬಿಡಲಿಲ್ಲ.

ಈ ಬಾಲಕ ಆಟವನ್ನೂ ಅಷ್ಟೇ ಶ್ರದ್ಧೆಯಿಂದ ಕಲಿತಿದ್ದನೆಂಬುದು ಗಮನಾರ್ಹ. ಜಾತ್ರೆಗಳಲ್ಲಿ ದೊಂಬರಾಟ ನೋಡಿ, ಹಗ್ಗದ ಮೇಲೆ ನಡೆಯುವುದನ್ನು ಬಿದ್ದೆದ್ದು ಅಭ್ಯಾಸ ಮಾಡಿದನು. ಊರವರಿಗೆ ತಾನೇ ಆಟ ತೋರಿಸುವಾಗ ಕೇಳುತ್ತಿದ್ದ ಶುಲ್ಕವೆಂದರೆ ಜಪಸರ ಪ್ರಾರ್ಥನೆ, ಜೊತೆಗೆ ತಾನು ಒಪ್ಪಿಸುವ ಭಾನುವಾರದ ಪ್ರಸಂಗಕ್ಕೆ ಕಿವಿಗೊಡುವುದು.

1831ರಲ್ಲಿ ಕಿಯೇರಿ ಪಟ್ಟಣದ ಶಾಲೆ ಸೇರಿದಾಗ ಆತ ತನಗಿಂತ ಬಹಳ ಚಿಕ್ಕವರ ನಡುವೆ ಕುಳಿತನು. ಹೊಟ್ಟೆಪಾಡಿಗೆ ಕಾಫಿ ಅಂಗಡಿಯಲ್ಲಿ ದುಡಿದು, ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ಮಲಗಿದನು. ಅಲ್ಲಿಯೇ ಗೆಳೆಯರನ್ನು ಕೂಡಿಸಿ ‘ಆನಂದ ಸಂಘ’ವೊಂದನ್ನು ಕಟ್ಟಿದನು. ಕ್ರೈಸ್ತನಿಗೆ ಒಪ್ಪದ ನಡೆನುಡಿ ಕೂಡದು, ಶಾಲೆಯ ಮತ್ತು ಧರ್ಮದ ಕರ್ತವ್ಯಗಳಲ್ಲಿ ಲೋಪವಾಗಕೂಡದು, ಸದಾ ಉಲ್ಲಾಸದಿಂದಿರಬೇಕು ಎಂಬುದೇ ಅದರ ಕಟ್ಟಳೆ. ಅವರನ್ನು ಬರಿಯ ಆಟಪಾಟದ ಗುರುವೆಂದು ಬಗೆಯುವವರು ಈ ಕಟ್ಟಳೆಯನ್ನು ಮರೆಯುತ್ತಾರೆ.

1841ರ ಜೂನ್ 5ರಂದು ಅವರಿಗೆ ಗುರುದೀಕ್ಷೆಯಾಯಿತು. ಅದೇ ವರ್ಷದ ಡಿಸೆಂಬರ್ 8ರ ಅಮಲೋದ್ಭವಿ ಮಾತೆಯ ಹಬ್ಬದಂದು, ಟ್ಯೂರಿನ್ ನಗರದ ದೇವಾಲಯವೊಂದರಲ್ಲಿ, ಪೂಜೆಗೆ ನೆರವಾಗಲು ಬಾರದೆ ಏಟು ತಿಂದ ಬಾರ್ತೊಲೊಮೆಯೊ ಗರೆಲ್ಲಿ ಎಂಬ ಗಾರೆ ಕೆಲಸದ ಹುಡುಗನನ್ನು ಅವರು ಹತ್ತಿರ ಕರೆದರು. ಓದು ಬಾರದು, ಹಾಡು ಬಾರದು. ಸಿಳ್ಳೆ ಹಾಕಲು ಬರುವುದೇ ಎಂದು ವಿಚಾರಿಸಿದಾಗ ಮಾತ್ರ ಹುಡುಗ ನಕ್ಕನು. ಪಾಠ ಆ ನಗುವಿನಿಂದ ಆರಂಭವಾಯಿತು.

1846ರಲ್ಲಿ ವಾಲ್ದೊಕ್ಕೊದ ಹಳೆಯ ಕೊಟ್ಟಿಗೆಯೊಂದರಲ್ಲಿ ಅವರ ಕೆಲಸ ನೆಲೆಗೊಂಡಿತು. ಅದೇ ವರ್ಷ ತಾಯಿಯೂ ಹಳ್ಳಿ ಬಿಟ್ಟು ಬಂದು, ಸಾಯುವ ತನಕ ಆ ಹುಡುಗರ ಅನ್ನ ಬೇಯಿಸಿ ಬಟ್ಟೆ ಹೊಲಿದರು.

ಆ ಕಾಲದ ಟ್ಯೂರಿನ್ನಿನಲ್ಲಿ ಕೆಲಸ ಕಲಿಯಲು ಬಂದ ಹುಡುಗರನ್ನು ಯಜಮಾನರು ಹೊಡೆಯುವುದೂ, ಮನೆಚಾಕರಿಗೆ ಹಚ್ಚುವುದೂ ಸಾಮಾನ್ಯವಾಗಿತ್ತು. ಡಾನ್ ಬೊಸ್ಕೊ ಇದಕ್ಕೆ ಬರಿಯ ಕನಿಕರ ತೋರಲಿಲ್ಲ, ಕರಾರು ಬರೆಸಿದರು. 1852ರ ಫೆಬ್ರವರಿಯಲ್ಲಿ ಬಡಗಿಯೊಬ್ಬನೊಡನೆ ಛಾಪಾ ಕಾಗದದ ಮೇಲೆ ಆದ ಒಪ್ಪಂದ ಪ್ರಸಿದ್ಧವಾಗಿದೆ. ಯಜಮಾನ ಕಸುಬನ್ನು ಕಲಿಸಬೇಕು, ಮಾತಿನಿಂದ ತಿದ್ದಬೇಕೇ ಹೊರತು ಕೈಯಿಂದಲ್ಲ, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು, ಕೂಲಿಯನ್ನು ಹಂತಹಂತವಾಗಿ ಏರಿಸಬೇಕು. ಹುಡುಗನೂ ವಿಧೇಯನಾಗಿ, ಮೈಗಳ್ಳತನವಿಲ್ಲದೆ ದುಡಿಯಬೇಕು. ಮುಂದಿನ ವರ್ಷ ತಮ್ಮಲ್ಲಿಯೇ ಚಮ್ಮಾರಿಕೆ ಮತ್ತು ದರ್ಜಿ ಕೆಲಸದ ಕಾರ್ಯಾಗಾರಗಳನ್ನು ತೆರೆದರು. ಬಾಲ್ಯದಲ್ಲಿ ಅನಿವಾರ್ಯಕ್ಕೆ ಕಲಿತ ಹೊಲಿಗೆ ಈಗ ಕೈಗೂಡಿತು.

1854ರಲ್ಲಿ ಬಂದ ಕಮ್ಮಾರನ ಮಗ ದೊಮಿನಿಕ್ ಸಾವಿಯೊ ಸಂತನಾಗುವ ಹಂಬಲದಿಂದ, ಚಳಿಯಲ್ಲಿ ತೆಳು ಹೊದಿಕೆಯಂತಹ ಕಠಿಣ ತಪಸ್ಸಿಗೆ ತೊಡಗಿದಾಗ ಡಾನ್ ಬೊಸ್ಕೊ ಅದನ್ನು ತಡೆದರು. ಪಾಠ, ಪ್ರಾರ್ಥನೆ, ಗೆಳೆಯರೊಡನೆ ಆಟ, ಇವನ್ನು ಸಂತೋಷದಿಂದ ಮಾಡುವುದೇ ಅವನ ತಪಸ್ಸೆಂದು ತಿಳಿಹೇಳಿದರು. ಆ ಬಾಲಕ 1857ರಲ್ಲಿ ತೀರಿಕೊಂಡನು. 1954ರಲ್ಲಿ ಧರ್ಮಸಭೆ ಅವನನ್ನು ಸಂತನೆಂದು ಸಾರಿತು.

ಗುರುವಿಗೆ ಆ ಗೌರವ 1934ರಲ್ಲಿಯೇ ಸಂದಿತ್ತು. 1859ರಲ್ಲಿ ತಾವು ಸ್ಥಾಪಿಸಿದ ಸಲೇಶಿಯನ್ ಸಭೆಯನ್ನು ಬಿಟ್ಟು, 1888ರ ಜನವರಿ 31ರಂದು ಅವರು ಕಣ್ಮುಚ್ಚಿದರು. ಹದಿನೆಂಟು ವರ್ಷಗಳ ತರುವಾಯ ಆ ಸಭೆಯ ಗುರುಗಳು ಮೊದಲ ಬಾರಿಗೆ ಭಾರತಕ್ಕೆ ಬಂದು, ತಂಜಾವೂರಿನಲ್ಲಿ ಅನಾಥ ಬಾಲಕರ ಮನೆಯೊಂದರ ಹೊಣೆ ಹೊತ್ತರು.