ಒಂದೇ ತಂತಿಯನ್ನು ನಾಲ್ಕು ಜನಕ್ಕೆ ಹಂಚಿದ ರೈತನ ಮಗ ಎಮಿಲ್ ಬೋಡೊ

ಬೀದಿಗೆ ಬರೋದು ಒಂದೇ ಫೈಬರ್ ಕೇಬಲ್. ಅದರಲ್ಲೇ ಹತ್ತಾರು ಮನೆ, ಅಂಗಡಿಗಳ ಇಂಟರ್ನೆಟ್ ಓಡುತ್ತೆ. ಕಿರಾಣಿ ಅಂಗಡಿಯ ಬಿಲ್ಲು ಪಕ್ಕದ ಮನೆಯ ವಿಡಿಯೋ ಜೊತೆ ಕಲಸಿ ಹೋಗಲ್ಲ. ಎಲ್ಲರಿಗೂ ಅವರವರ ಸರದಿ ಇರೋದೇ ಇದಕ್ಕೆ ಕಾರಣ. ಈ ಸರದಿಯ ಲೆಕ್ಕವನ್ನು ಸುಮಾರು 150 ವರ್ಷದ ಹಿಂದೆ ತಂತಿಗೆ ಕಲಿಸಿದವರಲ್ಲಿ ದೊಡ್ಡ ಹೆಸರು ಫ್ರಾನ್ಸ್‌ನ ಎಮಿಲ್ ಬೋಡೊ ಅವರದ್ದು.

ಬೋಡೊ ಹುಟ್ಟಿದ್ದು 1845ರ ಸೆಪ್ಟೆಂಬರ್ 11ರಂದು, ಮಾನ್ಯೂ ಎಂಬ ಹಳ್ಳಿಯಲ್ಲಿ. ತಂದೆ ರೈತ. ಓದಿದ್ದು ಊರಿನ ಪ್ರೈಮರಿ ಶಾಲೆಯಲ್ಲಿ ಮಾತ್ರ. ಆಮೇಲೆ ಅಪ್ಪನ ಜೊತೆ ಹೊಲದ ಕೆಲಸ. 1869ರಲ್ಲಿ ಟೆಲಿಗ್ರಾಫ್ ಇಲಾಖೆ ಸೇರಿ ಆಪರೇಟರ್ ಆದರು.

ಆಗ ಸಾಮಾನ್ಯವಾಗಿ ಒಂದು ತಂತಿಯಲ್ಲಿ ಒಂದು ಹೊತ್ತಿಗೆ ಒಬ್ಬರ ಸಂದೇಶ ಮಾತ್ರ ಹೋಗ್ತಿತ್ತು. ಆದರೆ ಕೈ ನಿಧಾನ, ತಂತಿ ವೇಗ. ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವಷ್ಟರಲ್ಲಿ ಊರಿಂದೂರಿಗೆ ಎಳೆದ ದುಬಾರಿ ತಂತಿ ಸುಮ್ಮನೆ ಖಾಲಿ ಇರುತ್ತಿತ್ತು. ಬೋಡೊ ಕಣ್ಣು ಬಿದ್ದಿದ್ದು ಈ ಖಾಲಿ ಹೊತ್ತಿನ ಮೇಲೆ.

1874ರಲ್ಲಿ ಅವರು ಪೇಟೆಂಟ್ ಪಡೆದರು. ಒಂದು ದುಂಡು ತಟ್ಟೆ, ಅದರ ಮೇಲೆ ಸುತ್ತುವ ಒಂದು ಕೈ. ಸೆಕೆಂಡಿಗೆ ಹೆಚ್ಚುಕಮ್ಮಿ ಮೂರು ಸುತ್ತು. ಪ್ರತಿ ಸುತ್ತಿನಲ್ಲೂ ತಂತಿ ಮೊದಲನೆಯವರಿಗೆ, ಎರಡನೆಯವರಿಗೆ, ಹೀಗೆ ನಾಲ್ಕೂ ಜನಕ್ಕೆ ಒಂದೊಂದು ಅಕ್ಷರದಷ್ಟು ಹೊತ್ತು ಸಿಗುತ್ತಿತ್ತು. ಆಚೆ ಊರಲ್ಲೂ ಅಂಥದ್ದೇ ತಟ್ಟೆ, ಅದೇ ವೇಗ. ವೇಗ ಸ್ವಲ್ಪ ತಪ್ಪಿದರೂ ಸಂದೇಶವೆಲ್ಲ ಕೆಟ್ಟು ಹೋಗುತ್ತೆ.

ಒಂದೊಂದು ಅಕ್ಷರಕ್ಕೂ ಐದೇ ಕೀಲಿ, ಒಟ್ಟು 32 ಜೋಡಣೆ. ಎಡಗೈಗೆ ಎರಡು, ಬಲಗೈಗೆ ಮೂರು. ಸರದಿ ಬಂದಾಗ ಟಕ್ ಅಂತ ಸದ್ದಾಗುತ್ತೆ, ಆ ತಾಳಕ್ಕೆ ಸರಿಯಾಗಿ ಒತ್ತಬೇಕು. ಒಬ್ಬರಿಗೆ ನಿಮಿಷಕ್ಕೆ ಸುಮಾರು 30 ಪದ. ನಾಲ್ವರು ಕೂತರೆ ಅದೇ ತಂತಿಯಲ್ಲಿ 120.

1877ರ ನವೆಂಬರ್‌ನಲ್ಲಿ ಪ್ಯಾರಿಸ್ ಮತ್ತು ಬೋರ್ಡೋ ನಡುವೆ ಇದು ಕೆಲಸ ಶುರು ಮಾಡಿತು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹೆಸರು ಬಂದದ್ದೂ ಇದೇ ಊರಿಂದ. ಮರುವರ್ಷ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಬೋಡೊಗೆ ಚಿನ್ನದ ಪದಕ ಬಂತು.

ಪದಕ ಬಂದರೂ ದುಡ್ಡು ಬರಲಿಲ್ಲ. ಯಂತ್ರ ಸುಧಾರಿಸೋಕೆ ಇಲಾಖೆ ಹೆಚ್ಚೇನೂ ಕೊಡಲಿಲ್ಲ. ಡ್ಯೂಟಿ ಮುಗಿದ ಮೇಲಿನ ಹೊತ್ತು, ಕೈಯಿಂದಲೇ ಖರ್ಚು. ಕೊನೆಗೆ 1880ರಲ್ಲಿ ಆ ಚಿನ್ನದ ಪದಕವನ್ನೇ ಮಾರಿಬಿಟ್ಟರು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಹಿಡಿದ ಕಾಯಿಲೆ ಜೀವಮಾನವಿಡೀ ಬಿಡಲಿಲ್ಲ. 1890ರ ಜನವರಿಯಲ್ಲಿ ಮದುವೆ ಆಯ್ತು, ಮೂರೇ ತಿಂಗಳಲ್ಲಿ ಹೆಂಡತಿ ತೀರಿಕೊಂಡರು.

ಆದರೂ ಕೆಲಸ ನಿಲ್ಲಿಸಲಿಲ್ಲ. ಅವರ ಯಂತ್ರ ಸಮುದ್ರದಡಿಯ ಮಾರ್ಸೇ-ಅಲ್ಜೀರ್ಸ್ ಕೇಬಲ್‌ಗೂ ಹೋಯಿತು. 1903ರ ಮಾರ್ಚ್ 28ರಂದು, 57ನೇ ವಯಸ್ಸಿನಲ್ಲಿ, ಬೋಡೊ ತೀರಿಕೊಂಡರು.

ಅಂದಿನ ತಟ್ಟೆ ಈಗಿಲ್ಲ, ಲೆಕ್ಕ ಮಾತ್ರ ಉಳಿದಿದೆ. 2ಜಿ ಮೊಬೈಲ್‌ನಲ್ಲಿ ಒಂದು ಚಾನೆಲ್ಲನ್ನು ಎಂಟು ಸರದಿಯಾಗಿ ಹಂಚಿದ್ದು ಇದೇ ಉಪಾಯದಿಂದ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಂಪ್ಯೂಟರ್‌ಗೆ ಜೋಡಿಸುವಾಗ ರಿಪೇರಿ ಹುಡುಗ ಬಾಡ್ ರೇಟ್ 9600 ಅಂತ ಸೆಟ್ ಮಾಡ್ತಾನಲ್ಲ, ಆ ಬಾಡ್ ಅನ್ನೋದು ಪದಕ ಮಾರಿದ ಈ ಬೋಡೊ ಅವರ ಹೆಸರೇ.