ಸ್ಫಟಿಕ ಹಿಡಿದ ಕೈಗಳು

ದುಡಿದು ಉಣ್ಣುವ ಮನೆಗಳಿಂದ ಕಾಲೇಜಿಗೆ ಬಂದ ನಮ್ಮಂಥವರಿಗೆ ದಣಿವೆಂಬುದು ಹೊಸದಲ್ಲ. ಆದರೆ ನಾವು ಬಲ್ಲ ದಣಿವು ಹೊಲಗದ್ದೆಯದು. ಉಂಡು ಮಲಗಿದರೆ ಬೆಳಗಾಗುವುದರೊಳಗೆ ಕಳೆಯುವಂಥದು. ನಿದ್ದೆಗೂ ಕಳೆಯದ ದಣಿವೊಂದಿದೆ. ಹರೆಯದಲ್ಲಿಯೇ ಅಂಥ ದಣಿವನ್ನು ತರುವ ರೋಗಕ್ಕೆ ಸಿಕ್ಕಿ, ಅದರೊಡನೆ ಅರುವತ್ತು ವರ್ಷ ಬಾಳಿ, ನೊಬೆಲ್ ಪಾರಿತೋಷಕವನ್ನು ಪಡೆದ ಡೊರೋತಿ ಹಾಡ್ಜ್‌ಕಿನ್ನರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಡೊರೋತಿ ಹುಟ್ಟಿದ್ದು 1910ರ ಮೇ 12ರಂದು, ಈಜಿಪ್ಟಿನ ಕೈರೋ ನಗರದಲ್ಲಿ. ಆಂಗ್ಲರಾದ ತಂದೆ ಅಲ್ಲಿ ವಿದ್ಯಾ ಇಲಾಖೆಯಲ್ಲಿದ್ದರು. ಓದಿದ್ದು ಇಂಗ್ಲೆಂಡಿನಲ್ಲಿ. ಆ ಶಾಲೆಯಲ್ಲಿ ರಸಾಯನಶಾಸ್ತ್ರ ಹುಡುಗರ ಪಾಠ. ಅನುಮತಿ ಪಡೆದು ಈಕೆಯೂ ಇನ್ನೊಬ್ಬ ಹುಡುಗಿಯೂ ಅಲ್ಲಿ ಕುಳಿತರು. 1932ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಕೇಂಬ್ರಿಜ್ಜಿನಲ್ಲಿ ಬರ್ನಾಲರ ಬಳಿ ಸಂಶೋಧನೆಗೆ ಸೇರಿದರು. ಸ್ಫಟಿಕದ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಫಿಲ್ಮಿನ ಮೇಲೆ ಮೂಡುವ ಚುಕ್ಕೆಗಳಿಂದ ಒಳಗಿನ ಪರಮಾಣುಗಳ ಜೋಡಣೆಯನ್ನು ಲೆಕ್ಕಹಾಕಿ ತಿಳಿಯುವುದೇ ಅವರ ವಿಷಯ.

1934ರಲ್ಲಿ ಬರ್ನಾಲರು ಪೆಪ್ಸಿನ್ ಎಂಬ ಪ್ರೋಟೀನಿನ ಸ್ಫಟಿಕದ ಮೊದಲ ಸ್ಪಷ್ಟ ಚಿತ್ರವನ್ನು ತೆಗೆದ ದಿನ ಡೊರೋತಿ ಪ್ರಯೋಗಶಾಲೆಯಲ್ಲಿರಲಿಲ್ಲ. ಕೈನೋವಿಗಾಗಿ ತಂದೆತಾಯಿಗಳೊಡನೆ ಲಂಡನ್ನಿನ ತಜ್ಞವೈದ್ಯರಲ್ಲಿಗೆ ಹೋಗಿದ್ದರು. ರುಮಟಾಯ್ಡ್ ಸಂಧಿವಾತವೆಂದು ತಿಳಿಯಿತು. ಆಗ ವಯಸ್ಸು 24.

ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ರೋಗವಿದು. ಕೀಲು ಊದುವುದೂ ಬೆರಳು ಸೊಟ್ಟಗಾಗುವುದೂ ಕಣ್ಣಿಗೆ ಕಾಣುತ್ತವೆ. ಉರಿಯೂತ, ರಕ್ತಹೀನತೆ, ನೋವಿನಿಂದ ಕೆಟ್ಟ ನಿದ್ದೆ ಇವುಗಳಿಂದ ಬರುವ ಆಯಾಸ ಮಾತ್ರ ಕಾಣುವುದಿಲ್ಲ. ಆದ್ದರಿಂದಲೇ ಎಳೆಯರಲ್ಲಿ ಅದು ಸೋಮಾರಿತನವೆನಿಸಿಕೊಳ್ಳುತ್ತದೆ.

1938ರಲ್ಲಿ ಮೊದಲ ಮಗು ಹುಟ್ಟಿದ ಮೇಲೆ ರೋಗ ಉಲ್ಬಣಿಸಿತು. ಹಾಸಿಗೆಯಿಂದೇಳುವುದೂ ಬಟ್ಟೆ ತೊಡುವುದೂ ದುಸ್ತರವಾದುವು. ಕಾರ್ಟಿಸೋನ್ ಈ ರೋಗಕ್ಕೆ ಬಳಕೆಗೆ ಬಂದದ್ದು 1948ರಲ್ಲಿ. ಅಂದು ಅದೂ ಇರಲಿಲ್ಲ. ಬಕ್ಸ್‌ಟನ್ನಿನಲ್ಲಿ ಚಿಕಿತ್ಸೆ ಪಡೆದು ಪ್ರಯೋಗಶಾಲೆಗೆ ಮರಳಿದಾಗ, ಕ್ಷ-ಕಿರಣಯಂತ್ರದ ಮುಖ್ಯ ಸ್ವಿಚ್ಚನ್ನು ಒತ್ತುವ ಬಲ ಕೈಗಿರಲಿಲ್ಲ. ಆಕೆ ಕೆಲಸ ಬಿಡಲಿಲ್ಲ. ಸ್ವಿಚ್ಚಿಗೆ ಉದ್ದನೆಯ ಸನ್ನೆಗೋಲೊಂದನ್ನು ಮಾಡಿಸಿಕೊಂಡರು.

ಆಕೆಯ ಬಾಳಿನ ಮರ್ಮ ಈ ಸನ್ನೆಗೋಲಿನಲ್ಲಿದೆಯೆಂದು ನನಗೆ ತೋರುತ್ತದೆ. ಪತಿ ಥಾಮಸ್ ದೂರದೂರಿನಲ್ಲಿ ಅಧ್ಯಾಪಕರು, ಮನೆಯಲ್ಲಿ ಕ್ರಮೇಣ ಮೂರು ಮಕ್ಕಳು. ಮನೆಗೆಲಸಕ್ಕೆ ನೆರವನ್ನಿಟ್ಟುಕೊಂಡರು. ಪೆನಿಸಿಲಿನ್ನಿನ ಲೆಕ್ಕಗಳಿಗೆ ರಂಧ್ರಕಾರ್ಡಿನ ಯಂತ್ರಗಳನ್ನೂ, ಬಿ-12 ಜೀವಸತ್ವದ ಲೆಕ್ಕಗಳಿಗೆ ಲಾಸ್ ಏಂಜಲೀಸಿನ ಗಣಕಯಂತ್ರವನ್ನೂ ಬಳಸಿಕೊಂಡರು. ಇತರರು ಹೊರಬಹುದಾದ ಭಾರವನ್ನು ಇತರರಿಗೆ ಕೊಟ್ಟು, ತಾವೇ ಮಾಡಬೇಕಾದುದಕ್ಕೆ ಶಕ್ತಿಯನ್ನುಳಿಸಿಕೊಂಡರು. ಆ ಸೊಟ್ಟಬೆರಳುಗಳು ಕೂದಲೆಳೆಯಂಥ ಗಾಜಿನ ಕಡ್ಡಿಗೆ ಸ್ಫಟಿಕವನ್ನು ಕೂರಿಸುವುದನ್ನು ಕಂಡವರು ಬೆರಗಾದರು.

ಪೆನಿಸಿಲಿನ್ನಿನ ರಚನೆ 1945ರಲ್ಲಿ ತಿಳಿಯಿತು. ಬಿ-12ರದು 1956ರ ವೇಳೆಗೆ. 1964ರ ರಸಾಯನಶಾಸ್ತ್ರದ ನೊಬೆಲ್ ಆಕೆಯೊಬ್ಬರಿಗೇ ಸಂದಿತು. 1935ರಲ್ಲಿ ಮೊದಲ ಚಿತ್ರ ತೆಗೆದ ಇನ್‌ಸುಲಿನ್ನಿನ ರಚನೆ ಕೈಗೆ ಸಿಕ್ಕಿದ್ದು 1969ರಲ್ಲಿ, 34 ವರ್ಷಗಳ ಮೇಲೆ. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹೋದ ಎಂ. ವಿಜಯನ್ನರಿದ್ದರೆಂಬುದು ನಮಗೆ ಹೆಮ್ಮೆಯ ವಿಷಯ. 1993ರಲ್ಲಿ ಗಾಲಿಕುರ್ಚಿಯಲ್ಲಿಯೇ ಬೀಜಿಂಗಿನ ಸ್ಫಟಿಕವಿಜ್ಞಾನ ಸಮ್ಮೇಳನಕ್ಕೆ ಹೋಗಿಬಂದ ಆಕೆ, 1994ರ ಜುಲೈ 29ರಂದು ತೀರಿಕೊಂಡರು.

ಆಕೆ ರೋಗವನ್ನು ಗೆದ್ದರೆಂದು ನಾನು ಹೇಳಲಾರೆ; ಅದು ಕಡೆಯವರೆಗೂ ಜೊತೆಗಿತ್ತು. ನಮ್ಮ ಮನೆಯಲ್ಲೋ ತರಗತಿಯಲ್ಲೋ ಬೆಳಿಗ್ಗೆ ಏಳಲಾರದ, ಮೆಟ್ಟಿಲು ಹತ್ತಿ ಸೋತು ಕೂರುವ ಎಳೆಯರಿದ್ದರೆ, ಮೈಗಳ್ಳರೆಂದು ಜರೆಯದೆ ವೈದ್ಯರಿಗೆ ತೋರಿಸೋಣ. ಬೇಗನೆ ಗುರುತಿಸಿದರೆ ಕೀಲುಗಳನ್ನು ಕಾಪಾಡುವ ಔಷಧಿಗಳು ಇಂದು ಇವೆ. ಅದರ ಜೊತೆಗೆ ಅವರಿಗೆ ಬೇಕಾದ ಸನ್ನೆಗೋಲು ಯಾವುದೆಂದು ಕೇಳಿ ತಿಳಿಯುವುದು, ಪಕ್ಕದಲ್ಲಿ ಕುಳಿತ ನಮ್ಮ ಕರ್ತವ್ಯ.