ಏಸಾವ ಓಡಿ ಬಂದ

ಮಕ್ಕಳೇ, ‘ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು’ ಅನ್ನುವ ಗಾದೆಯನ್ನು ರಜೆಗೆ ಊರಿಗೆ ಹೋದಾಗ ಕೇಳಿರಬಹುದು. ದಾಯ ಅಂದರೆ ಹಿರಿಯರಿಂದ ಬರುವ ಪಾಲು. ಆ ಪಾಲಿಗೆ ಹಕ್ಕುಳ್ಳವರು ದಾಯಾದಿಗಳು. ಬೈಬಲಿನ ಆದಿಕಾಂಡದ ಏಸಾವ ಮತ್ತು ಯಾಕೋಬ ಬೆಳೆಯುವ ತನಕವೂ ಕಾಯಲಿಲ್ಲ. ಅವಳಿಗಳಾದ ಇವರು ತಾಯಿ ರೆಬೆಕ್ಕಳ ಹೊಟ್ಟೆಯಲ್ಲೇ ಗುದ್ದಾಡಿದರು. ಏಸಾವ ಮೊದಲು ಹುಟ್ಟಿದ. ಅವನ ಹಿಮ್ಮಡಿ ಹಿಡಿದುಕೊಂಡೇ ಯಾಕೋಬ ಹೊರಬಂದ.

ಆ ಒಂದು ಗಳಿಗೆಯ ಹಿರಿತನಕ್ಕೆ ಬಹಳ ಬೆಲೆಯಿತ್ತು. ಇಸ್ರಾಯೇಲರ ಧರ್ಮಶಾಸ್ತ್ರದ ಪ್ರಕಾರ ಚೊಚ್ಚಲ ಮಗನಿಗೆ ಆಸ್ತಿಯಲ್ಲಿ ಎರಡು ಪಾಲು. ಒಂದು ದಿನ ಏಸಾವ ಕಾಡಿನಿಂದ ಹಸಿದು ಬಂದಾಗ ತಮ್ಮ ಕೆಂಪು ಬೇಳೆ ಬೇಯಿಸುತ್ತಿದ್ದ. ನಿಮ್ಮ ಮನೆಯ ಮಸೂರ ಬೇಳೆಯನ್ನು ನೆನೆಸಿಕೊಳ್ಳಿ. ಒಂದು ಊಟಕ್ಕೆ ಏಸಾವ ಚೊಚ್ಚಲತನದ ಹಕ್ಕನ್ನೇ ಮಾರಿಬಿಟ್ಟ. ಮುಂದೆ ತಂದೆ ಇಸಾಕನ ಕಣ್ಣು ಮಂಜಾದಾಗ, ಯಾಕೋಬ ತಾಯಿಯ ಮಾತು ಕೇಳಿ ಅಣ್ಣನ ಬಟ್ಟೆ ತೊಟ್ಟು, ಕೈಗೆ ಆಡುಮರಿಯ ತೊಗಲು ಸುತ್ತಿಕೊಂಡು, ಅಣ್ಣನಿಗೆ ಸಲ್ಲಬೇಕಿದ್ದ ಆಶೀರ್ವಾದವನ್ನೂ ಪಡೆದ.

ವಿಷಯ ತಿಳಿದು ಏಸಾವ ಗೋಳಾಡಿದ. ನನಗೆಂದು ಒಂದು ಆಶೀರ್ವಾದವೂ ಉಳಿದಿಲ್ಲವೇ ಅಪ್ಪಾ ಎಂದು ಬೇಡಿದ. ಈ ಭಾಗ ಓದುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಎಲ್ಲ ದೇವರ ಯೋಜನೆ ಎಂದು ಯಾಕೋಬನ ಮೋಸವನ್ನು ಹಗುರ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆದಿಕಾಂಡವೂ ಹಗುರ ಮಾಡುವುದಿಲ್ಲ. ಅಣ್ಣನ ಸಿಟ್ಟಿಗೆ ಹೆದರಿ ಓಡಿದ ಯಾಕೋಬನಿಗೆ ಸೋದರಮಾವ ಲಾಬಾನ ಕಿರಿಯ ಮಗಳನ್ನು ಕೊಡುವೆನೆಂದು ಹೇಳಿ, ಹಿರಿಯಳನ್ನು ಕೊಟ್ಟು ವಂಚಿಸಿದ. ಹಿರಿಯನ ವೇಷ ಹಾಕಿದ ಕಿರಿಯನಿಗೆ ಸಿಕ್ಕಿದ್ದು ಅದೇ ಬಗೆಯ ಮೋಸ.

ಪರದೇಶದಲ್ಲಿ 20 ವರ್ಷ ದುಡಿದು ಯಾಕೋಬ ಊರಿನ ದಾರಿ ಹಿಡಿದ. ಏಸಾವ 400 ಮಂದಿಯೊಡನೆ ಎದುರು ಬರುತ್ತಿದ್ದಾನೆಂದು ತಿಳಿದು ನಡುಗಿಹೋದ. ಆಡು, ಕುರಿ, ಒಂಟೆ, ಹಸು, ಹೋರಿ, ಕತ್ತೆ, ಹೀಗೆ 550ಕ್ಕೂ ಹೆಚ್ಚು ಪ್ರಾಣಿಗಳನ್ನು ಕಾಣಿಕೆಯಾಗಿ ಮುಂದೆ ಕಳಿಸಿ, ತಾನು ಹಿಂದೆ ಉಳಿದ. ಆ ರಾತ್ರಿ ಯಬ್ಬೋಕ್ ಹೊಳೆಯ ಬಳಿ ಒಬ್ಬನು ಅವನೊಂದಿಗೆ ಬೆಳಗಾಗುವ ತನಕ ಹೋರಾಡಿದ. ದೇವರನ್ನೇ ಮುಖಾಮುಖಿ ಕಂಡೆನೆಂದು ಯಾಕೋಬ ಆ ಸ್ಥಳಕ್ಕೆ ಪೆನೀಯೇಲ್ ಎಂದು ಹೆಸರಿಟ್ಟ. ಅವನಿಗೆ ಇಸ್ರಾಯೇಲ್ ಎಂಬ ಹೊಸ ಹೆಸರು ಬಂತು, ತೊಡೆಯ ಕೀಲೂ ತಪ್ಪಿತು. ಬೆಳಗಾದ ಮೇಲೆ ಅವನು ಹಿಂದೆ ನಿಲ್ಲಲಿಲ್ಲ. ಕುಂಟುತ್ತ ಹೆಂಡತಿ ಮಕ್ಕಳಿಗಿಂತ ಮುಂದೆ ನಡೆದು, ಏಳು ಸಲ ನೆಲಕ್ಕೆ ಬಾಗಿದ.

ಏಸಾವ ಓಡಿ ಬಂದು ತಮ್ಮನನ್ನು ಅಪ್ಪಿ, ಕೊರಳ ಮೇಲೆ ಬಿದ್ದು ಮುದ್ದಿಟ್ಟ. ಇಬ್ಬರೂ ಅತ್ತರು. ನನಗೆ ಬೇಕಾದಷ್ಟಿದೆ, ನಿನ್ನದು ನಿನಗಿರಲಿ ಎಂದ ಅಣ್ಣ. ಆಗ ಯಾಕೋಬ ಆಡಿದ ಒಂದು ಮಾತನ್ನು ಗಮನಿಸಿ. ಅಷ್ಟು ಹೊತ್ತು ಕಾಣಿಕೆ ಎನ್ನುತ್ತಿದ್ದುದನ್ನು ಅವನು ಹೀಬ್ರೂ ಮೂಲದಲ್ಲಿ ‘ಬೆರಾಖಾ’ ಎನ್ನುತ್ತಾನೆ. ಅಂದರೆ ಆಶೀರ್ವಾದ. ಅಂದು ಕದ್ದುಕೊಂಡದ್ದಕ್ಕೂ ಅದೇ ಹೆಸರು!

ಯೇಸು ಹೇಳಿದ, ಲೂಕನ ಸುವಾರ್ತೆಯಲ್ಲಿರುವ ತಪ್ಪಿಹೋದ ಮಗನ ಕಥೆಯಲ್ಲಿ ಅಪ್ಪನೂ ಹೀಗೆಯೇ ಓಡಿ ಬಂದು, ಕೊರಳಿಗೆ ಬಿದ್ದು ಮುದ್ದಿಡುತ್ತಾನೆ. ಆಸ್ತಿಯ ಪಾಲನ್ನೆಲ್ಲ ಹಾಳುಮಾಡಿ ಬಂದವನಿಗೆ ದೇವರ ಕ್ಷಮೆ ಎಂಥದೆಂದು ತೋರಿಸಲು ಯೇಸು ಹೇಳಿದ ಕಥೆ ಅದು. ಅದರ ಒಂದು ಎಳೆ ಏಸಾವನ ಆ ಓಟದಲ್ಲಿದೆ ಎಂದೇ ನಾನು ನಂಬಿದ್ದೇನೆ.

ಇಸಾಕ 180 ವರ್ಷ ಬದುಕಿದ. ಅಪ್ಪ ಸತ್ತು ದುಃಖದ ದಿನಗಳು ಕಳೆಯಲಿ, ಯಾಕೋಬನನ್ನು ಕೊಲ್ಲುತ್ತೇನೆ ಎಂದು ಏಸಾವ ಹಿಂದೊಮ್ಮೆ ಮನಸ್ಸಿನಲ್ಲೇ ಶಪಥ ಮಾಡಿಕೊಂಡಿದ್ದ. ಆ ದಿನ ಬಂದಾಗ ಅಪ್ಪನನ್ನು ಸಮಾಧಿಮಾಡಿದವರು ಏಸಾವ, ಯಾಕೋಬ ಇಬ್ಬರೂ.